ಮತ್ತೆ ತುಟಿಗೆ ಬಂದ ಟ್ರಂಪೆಟ್

"ವೈನಿ, ನಿಮ್ಮನ್ಯಾಗ ಎಮ್ಮಿ ಕಟ್ಟೀರೇನ್ರಿ? ಮುಂಜಾನಿಂದ ಒಂದೇ ಸವನ ಒದರ್ಲಕತ್ತದ!"

ಪಕ್ಕದ ಮನೆಯ ಗೆಳತಿ ಗೋಡೆಯಾಚೆಯಿಂದ ಹೀಗೆ ಕೇಳಿದಾಗ ನಾನು ಅಡಿಗೆಮನೆಯ ಬಾಗಿಲು ಮುಚ್ಚಿಕೊಂಡು, ಕೈಯಲ್ಲಿ ಟ್ರಂಪೆಟ್ ಹಿಡಿದು ನಿಂತಿದ್ದೆ. ಒದರಿದ್ದು ಎಮ್ಮೆಯಲ್ಲ, ನಾನು! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೈಸ್ಕೂಲಿನಲ್ಲಿದ್ದಾಗ ಇದೇ ಟ್ರಂಪೆಟ್ ಊದಿ ಆಗಸ್ಟ್ 15ರ ಪ್ರಭಾತಫೇರಿಯ ಮುಂದೆ ನಡೆದವಳು ನಾನು. ಈಗ ನಲವತ್ತೈದು ದಾಟಿದ ಮೇಲೆ ಎಮ್ಮೆಯ ಪದವಿಗೆ ಇಳಿದಿದ್ದೆ.

ಸೋದರಿಯರೇ, ಇದು ಹಾಸ್ಯಕ್ಕೆ ಬರೆದದ್ದಲ್ಲ. ಒಂದು ಕಾಲಕ್ಕೆ ಕಲಿತು, ಲಗ್ನವಾದ ಮೇಲೆ ಕಟ್ಟಿಟ್ಟ ವಿದ್ಯೆ ನಮ್ಮಲ್ಲಿ ಎಷ್ಟು ಜನಕ್ಕಿಲ್ಲ? ಒಬ್ಬರದು ಹಾರ್ಮೋನಿಯಂ, ಇನ್ನೊಬ್ಬರದು ಹಾಡು, ಮತ್ತೊಬ್ಬರದು ಕಸೂತಿ. ನನ್ನದು ಟ್ರಂಪೆಟ್. ಅದನ್ನು ಮತ್ತೆ ಹಿಡಿದಾಗ ನಾನು ಮಾಡಿದ ತಪ್ಪು, ಕಲಿತ ಪಾಠ ಎರಡನ್ನೂ ನಿಮ್ಮ ಮುಂದೆ ಇಡುತ್ತೇನೆ.

ಕಮಲಾಪುರದಿಂದ ಗಂಜಿಗೆ

ನನ್ನ ತವರು ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರ. ನಮ್ಮ ಅಪ್ಪ ಲಗ್ನದ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದರು. ಆಗ ನಮ್ಮ ಕಡೆ ಬ್ಯಾಂಡಿಲ್ಲದೆ ಮದುಮಗನ ಮೆರವಣಿಗೆ ಹೊರಡುತ್ತಿರಲಿಲ್ಲ. ಸುಗ್ಗಿ ಮುಗಿದು ಲಗ್ನದ ದಿನ ಬಂತೆಂದರೆ ಅಪ್ಪ ಮನೆಯಲ್ಲಿ ಇರುತ್ತಿದ್ದುದೇ ಅಪರೂಪ. ಬಿಡುವಿದ್ದಾಗ ಅಂಗಳದಲ್ಲಿ ಕೂತು ನನಗೂ ಕಲಿಸಿದರು. ಎಂಟನೇ ಇಯತ್ತೆಯಿಂದ ಹತ್ತರವರೆಗೆ ಮೂರು ವರ್ಷ ಊದಿದೆ.

1994ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಯಿತು. ವರ ನೋಡುವ ಮಾತು ಶುರುವಾಯಿತು. ಒಂದು ಕಡೆಯವರು, "ಬಾಜಾದವನ ಮಗಳು, ತಾನೂ ಬಾಜಾ ಊದ್ತಾಳಂತ" ಅಂದು ಎದ್ದು ಹೋದರು. ಆ ರಾತ್ರಿ ಅಪ್ಪ ಟ್ರಂಪೆಟನ್ನು ಹಳೇ ಧೋತರದಲ್ಲಿ ಸುತ್ತಿ ಸಂದೂಕಿನಲ್ಲಿಟ್ಟರು. ನನಗೆ ಊದಬೇಡ ಎನ್ನಲಿಲ್ಲ. ತಾವೇ ಊದುವುದನ್ನು ಕಡಿಮೆ ಮಾಡಿದರು; ಕೆಲವೇ ವರ್ಷದಲ್ಲಿ ಪೂರ್ತಿ ಬಿಟ್ಟರು. ನನಗೆ ಗಂಡು ಗೊತ್ತಾಯಿತು. 1997ರಲ್ಲಿ ನಾನು ಇಲ್ಲಿಗೆ, ಕಲಬುರಗಿಯ ನೆಹರು ಗಂಜಿಗೆ ಬಂದೆ. ನಮ್ಮ ಮನೆಯವರು ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ.

2023ರ ದೀಪಾವಳಿಗೆ ತವರಿಗೆ ಹೋದಾಗ ಅಪ್ಪನ ಕಿವಿ ಮಂದವಾಗಿದ್ದು ಕಣ್ಣಿಗೆ ಬಿತ್ತು. ಎರಡು ಸಲ ಕೂಗಿದರೆ ಒಂದು ಸಲ ಕೇಳುತ್ತಿತ್ತು. ಊಟಕ್ಕೆ ಕೂತಾಗ ತಾವಾಗಿಯೇ ಅಂದರು: "ಯವ್ವಾ, ಕಿವಿ ಪೂರಾ ಹೋಗೂದ್ರೊಳಗ ಒಮ್ಮೆ ನಿನ್ನ ಟ್ರಂಪೆಟ್ ಕೇಳ್ಬೇಕಂತ ಆಸೆ ಅದ."

ಇಪ್ಪತ್ತೊಂಬತ್ತು ವರ್ಷದ ಮೇಲೆ ಆ ಸಂದೂಕು ತೆರೆಯಿತು.

ನಾನು ಮಾಡಿದ ತಪ್ಪು

ಗಂಜಿಗೆ ತಂದ ಮರುದಿನವೇ, ಅಪ್ಪನಿಗೆ ಪ್ರೀತಿಯಾದ ಹಾಡು ಹಿಡಿದು ಕೂತೆ. 'ಸೂರಜ್' ಸಿನಿಮಾಕ್ಕೆ 1966ರಲ್ಲಿ ರಫಿ ಸಾಹೇಬರು ಹಾಡಿದ, ಬ್ಯಾಂಡಿನವರು ಇವತ್ತಿಗೂ ಲಗ್ನದಲ್ಲಿ ನುಡಿಸುವ ಆ ಹಾಡು. ತಲೆಯಲ್ಲಿ ಸ್ವರ ಪೂರ್ತಿ ಇತ್ತು. ಬೆರಳಿಗೆ ಗುಂಡಿಗಳ ನೆನಪೂ ಇತ್ತು. ಆದರೆ ತುಟಿಗೆ ಏನೂ ನೆನಪಿರಲಿಲ್ಲ. ಕೆಳಗಿನ ನಾಲ್ಕು ಸ್ವರ ಹೇಗೋ ಬಂದವು, ಮೇಲಿನವು ಬರಲೇ ಇಲ್ಲ. ಎರಡು ನಿಮಿಷಕ್ಕೆ ಬಾಯ ಮೂಲೆಯಿಂದ ಗಾಳಿ ಸೋರತೊಡಗಿತು.

ಹಟ ಬಂತು. ದಿನಾ ಒಂದು ತಾಸು ಬಿಡದೆ ಊದಿದೆ. ಮೇಲಿನ ಸ್ವರ ಬರಲಿಲ್ಲವೆಂದು ಟ್ರಂಪೆಟನ್ನು ತುಟಿಗೆ ಒತ್ತಿ ಒತ್ತಿ ಹಿಡಿದೆ. ಎಂಟನೇ ದಿನ ಮೇಲ್ದುಟಿ ಬಾತು, ಒಳಗೆ ಹಲ್ಲು ನಾಟಿ ಗಾಯವಾಯಿತು. ಹದಿನೈದು ದಿನ ಖಾರದ ಹಿಂಡಿ ಹಚ್ಚಿಕೊಂಡು ರೊಟ್ಟಿ ತಿನ್ನಲೂ ಆಗಲಿಲ್ಲ.

ಫೋನಿನಲ್ಲಿ ಜೋರಾಗಿ ಕೂಗಿ ಅಪ್ಪನಿಗೆ ಹೇಳಿದೆ. ಅವರು ನಕ್ಕರು. "ಎಷ್ಟೊತ್ತು ಊದ್ತಿ, ಅಷ್ಟೊತ್ತು ಸುಮ್ಮ ಕೂಡು. ಬ್ಯಾಂಡಿನ್ಯಾಗ ಟ್ರಂಪೆಟ್‌ನವ್ರು ನಾವು ಮೂರು-ನಾಕು ಮಂದಿ ಯಾಕ ಇರ್ತಿದ್ದಿವಿ? ಒಬ್ಬಾವ ಊದಿದ್ರ ಇನ್ನೊಬ್ಬಾವ ತುಟಿ ಆರಿಸ್ಕೋತಿದ್ದ. ನೀ ಒಬ್ಬಾಕಿನೇ ನಾಕು ಮಂದಿ ಕೆಲಸ ಮಾಡ್ಲಕ ಹೋಗಿ."

ಈ ಮಾತು ಟ್ರಂಪೆಟ್ಟಿಗಷ್ಟೇ ಹೇಳಿದ್ದೇನು ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ನಾಲ್ಕು ಜನರ ಕೆಲಸ ಒಬ್ಬಳೇ ಮಾಡುವುದು ನಮಗೆಲ್ಲ ರೂಢಿ. ಸುಮ್ಮನೆ ಕೂಡುವುದೇ ನಮಗೆ ಬರುವುದಿಲ್ಲ.

ಸ್ವರ ಹುಟ್ಟುವುದು ಎಲ್ಲಿ?

ಮೊದಲು ಇಷ್ಟು ತಿಳಿದಿರಲಿ. ಟ್ರಂಪೆಟ್ ಎಂದರೆ ಸುಮಾರು ಒಂದೂವರೆ ಮೀಟರ್ ಉದ್ದದ ಹಿತ್ತಾಳೆ ಕೊಳವೆ, ಸುರುಳಿ ಸುತ್ತಿಟ್ಟಿದ್ದಾರೆ. ಸ್ವರ ಹುಟ್ಟುವುದು ಹಿತ್ತಾಳೆಯಲ್ಲಿ ಅಲ್ಲ, ನಮ್ಮ ತುಟಿಯಲ್ಲಿ. ಕೂಸು ತುಟಿ ಕೂಡಿಸಿ "ಬುರ್‍ರ್" ಅನ್ನುತ್ತದಲ್ಲ, ಅದೇ ನಡುಕ. ಅದನ್ನು ಮೌತ್‌ಪೀಸ್ ಹಿಡಿಯುತ್ತದೆ, ಕೊಳವೆ ದೊಡ್ಡದು ಮಾಡುತ್ತದೆ.

ಗುಂಡಿ ಮೂರೇ. ನಡುವಿನದನ್ನು ಒತ್ತಿದರೆ ಸ್ವರ ಅರ್ಧ ಮೆಟ್ಟಿಲು ಇಳಿಯುತ್ತದೆ, ಮೊದಲನೆಯದು ಒಂದು ಮೆಟ್ಟಿಲು, ಮೂರನೆಯದು ಒಂದೂವರೆ. ಯಾವ ಗುಂಡಿಯನ್ನೂ ಒತ್ತದೆ ಬರೀ ತುಟಿ ಮತ್ತು ಉಸಿರಿನಿಂದಲೇ ಸ, ಪ, ಮೇಲಿನ ಸ, ಗ, ಪ ಹೀಗೆ ಏರಬಹುದು. ಅಂದರೆ ಬೆರಳಿಗಿಂತ ತುಟಿಗೇ ಕೆಲಸ ಹೆಚ್ಚು. ಬಾಯಿಯ ಸುತ್ತ ಬಳೆಯಂತೆ ಒಂದು ಸ್ನಾಯು ಇದೆ. ಬಳಸದೆ ಬಿಟ್ಟರೆ ಅದು ಸಡಿಲವಾಗುತ್ತದೆ. ಕಲಿತ ಹಾಡು ತಲೆಯಲ್ಲಿ ಉಳಿದರೂ ಸ್ನಾಯುವಿನ ಬಲ ಉಳಿಯುವುದಿಲ್ಲ. ಮರಳಿ ಕಲಿಯುವವರು ಹೊಸಬರಿಗಿಂತ ಹೆಚ್ಚು ಗಾಯ ಮಾಡಿಕೊಳ್ಳುವುದು ಇದಕ್ಕೇ. ಹೊಸಬರಿಗೆ ಏನೂ ಗೊತ್ತಿರುವುದಿಲ್ಲ, ಮೆಲ್ಲಗೆ ಹೋಗುತ್ತಾರೆ. ನಮಗೆ ಹಳೇ ನೆನಪು ಬೆನ್ನ ಹಿಂದೆ ನಿಂತು ನೂಕುತ್ತದೆ.

ದಮ್ಮು ಬರಲು

ಗಾಯ ಮಾಯ್ದ ಮೇಲೆ ನಾನು ಹೀಗೆ ನಡೆದೆ.

ಮೊದಲ ಹದಿನೈದು ದಿನ ಬರೀ ಮೌತ್‌ಪೀಸ್. ಕುಕ್ಕರಿನಲ್ಲಿ ಬೇಳೆ ಇಟ್ಟು ಸೀಟಿ ಆಗುವವರೆಗೆ ಒಂದೆರಡು ನಿಮಿಷ "ಬುರ್‍ರ್" ಅನ್ನಿಸುವುದು, ಆಮೇಲೆ ಅಷ್ಟೇ ಹೊತ್ತು ಬಿಡುವುದು. ದಿನಕ್ಕೆ ಮೂರು ಸಲ.

ಮೂರನೇ ವಾರದಿಂದ ಟ್ರಂಪೆಟ್ ಹಿಡಿದೆ. ಆದರೆ ಹಾಡಿಲ್ಲ. ಕೆಳಗಿನ ಒಂದೊಂದೇ ಸ್ವರವನ್ನು ಮೆಲ್ಲಗೆ, ಅಲುಗಾಡದಂತೆ, ಹತ್ತು ಎಣಿಸುವವರೆಗೆ ಹಿಡಿಯುವುದು. ಜೋರಾಗಿ ಊದುವುದು ಸುಲಭ. ಸಣ್ಣ ಧ್ವನಿಯಲ್ಲಿ ಸ್ವರ ನಿಲ್ಲಿಸುವುದು ಕಷ್ಟ. ತುಟಿಗೆ ಬಲ ಬರುವುದು ಅದರಿಂದಲೇ. ಮುಂಜಾನೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ಆಮೇಲೆ ವಾರಕ್ಕೆ ಎರಡು-ಮೂರು ನಿಮಿಷ ಏರಿಸಿದೆ. ಒಂದು ತಾಸು ಒಮ್ಮೆಲೇ ಊದುವುದಕ್ಕಿಂತ ಹದಿನೈದು ನಿಮಿಷದಂತೆ ಮೂರು ಸಲ ಊದುವುದು ಮೇಲು.

ವಾರಕ್ಕೆ ಒಂದು ದಿನ ಪೂರ್ತಿ ರಜೆ. ಹೆಚ್ಚು ಊದಿದ ಮರುದಿನ ಕಡಿಮೆ. ಸ್ನಾಯು ಬೆಳೆಯುವುದು ದುಡಿದಾಗಲ್ಲ, ದುಡಿದು ಸುಧಾರಿಸಿಕೊಳ್ಳುವಾಗ.

ದಣಿವಿನ ಗುರುತು ಮೂರು. ಬಾಯ ಮೂಲೆಯಿಂದ ಗಾಳಿ ಸೋರುವುದು, ಸ್ವರದಲ್ಲಿ ಗಾಳಿಯ ಸದ್ದು ಬೆರೆಯುವುದು, ತುಟಿಯ ಮೇಲೆ ಮೌತ್‌ಪೀಸಿನ ಗುಂಡನೆ ಗುರುತು ಆಳವಾಗಿ ಮೂಡುವುದು. ಇವುಗಳಲ್ಲಿ ಒಂದು ಕಂಡರೂ "ಇನ್ನೊಂದೇ ಸಲ" ಅನ್ನದೆ ಕೆಳಗಿಡಬೇಕು. ಕುದುರೆಯಂತೆ ತುಟಿ ಸಡಿಲ ಬಿಟ್ಟು "ಫುರ್‍ರ್" ಅಂದರೆ ಸ್ನಾಯುವಿಗೆ ಆರಾಮ ಸಿಗುತ್ತದೆ. ಮಕ್ಕಳ ಮುಂದೆ ಮಾಡಬೇಡಿ, ನಗುತ್ತಾರೆ!

ಮೇಲಿನ ಸ್ವರಕ್ಕೆ

ಮೇಲಿನ ಸ್ವರ ಒತ್ತಿದರೆ ಬರುವುದಿಲ್ಲ. ಒತ್ತಿದಷ್ಟೂ ತುಟಿಗೆ ರಕ್ತ ಓಡಾಡುವುದಿಲ್ಲ, ನಡುಕ ನಿಲ್ಲುತ್ತದೆ. ಬೇಕಾದದ್ದು ವೇಗದ ಉಸಿರು. "ಆ" ಅನ್ನುವಾಗ ನಾಲಗೆ ಕೆಳಗಿರುತ್ತದೆ, "ಈ" ಅಂದರೆ ಮೇಲೇಳುತ್ತದೆ. ಸೀಟಿ ಹಾಕುವವರು ಸ್ವರ ಏರಿಸುವಾಗ ನಾಲಗೆ ಹೇಗೆ ಸರಿಯುತ್ತದೆ ಗಮನಿಸಿ. ಟ್ರಂಪೆಟ್ಟಿಗೂ ಅದೇ. "ಮ್" ಅನ್ನುವಂತೆ ಬಾಯ ಮೂಲೆಗಳನ್ನು ಬಿಗಿ ಹಿಡಿದು, ನಡುವಿನ ತುಟಿಯನ್ನು ಸಡಿಲ ಬಿಟ್ಟು, "ಆ-ಈ-ಆ" ಎಂದು ಮನಸ್ಸಿನಲ್ಲೇ ಅನ್ನುತ್ತ, ಗುಂಡಿ ಒತ್ತದೆ ಸ-ಪ-ಸ, ಪ-ಸ-ಪ ಏರಿ ಇಳಿಯುವುದು. ಗಲ್ಲ ಉಬ್ಬಿಸಬಾರದು. ಉಸಿರು ಹೊಟ್ಟೆಯ ತಳದಿಂದ ಬರಬೇಕು, ಹೆಗಲು ಏರಬಾರದು.

ಟ್ರಂಪೆಟ್ಟಿನ ಮೇಲೆ ಬಲಗೈ ಕಿರುಬೆರಳಿಗೆ ಒಂದು ಕೊಕ್ಕೆ ಇರುತ್ತದೆ. ಅದರಲ್ಲಿ ಬೆರಳು ಸಿಕ್ಕಿಸಿದರೆ ನಮಗೆ ತಿಳಿಯದೆಯೇ ವಾದ್ಯವನ್ನು ತುಟಿಗೆ ಎಳೆದುಕೊಳ್ಳುತ್ತೇವೆ. ಅಪ್ಪ ಹೇಳಿದಂತೆ ಬೆರಳನ್ನು ಕೊಕ್ಕೆಯ ಮೇಲೆ ಸುಮ್ಮನೆ ಇಟ್ಟುಕೊಂಡೆ. ಅಷ್ಟಕ್ಕೇ ಅರ್ಧ ನೋವು ಕಡಿಮೆಯಾಯಿತು.

ಒಂದು ಸ್ವರ ಹಗುರಾಗಿ, ಸಣ್ಣ ಧ್ವನಿಯಲ್ಲೂ ಬಂದ ಮೇಲೆಯೇ ಅದರ ಮೇಲಿನ ಅರ್ಧ ಮೆಟ್ಟಿಲು. ಮೇಲೆ ಹೋಗಿ ಬಂದ ಮೇಲೆ ಕೆಳಗಿನ ಸ್ವರಗಳನ್ನು ಮೆಲ್ಲಗೆ ಊದಿ ತುಟಿ ತಣಿಸಬೇಕು. ಮೇಲಿನ ಪ ಇವತ್ತು ಬರುತ್ತದೆಯೋ ಇಲ್ಲವೋ ಎಂದು ದಿನಾ ಪರೀಕ್ಷೆ ಮಾಡಬಾರದು. ಬೀಜ ಮೊಳೆತಿದೆಯೇ ಎಂದು ದಿನಾ ಮಣ್ಣು ಕೆದರಿದಂತೆ ಅದು.

ದೊಡ್ಡವರಿಗೂ ತಪ್ಪಲಿಲ್ಲ

ಲೋಕಪ್ರಸಿದ್ಧ ಲೂಯಿ ಆರ್ಮ್‌ಸ್ಟ್ರಾಂಗ್ ಅವರೂ ತುಟಿಗೆ ಅತಿಯಾಗಿ ಒತ್ತಿ ಊದಿ, ತುಟಿ ಹರಿದುಕೊಂಡು, 1930ರ ದಶಕದಲ್ಲಿ ತಿಂಗಳುಗಟ್ಟಲೆ ವಾದ್ಯ ಕೆಳಗಿಡಬೇಕಾಯಿತು. ಅಮೆರಿಕದವರೇ ಆದ ಚೆಟ್ ಬೇಕರ್ ಎಂಬ ಟ್ರಂಪೆಟ್ ವಾದಕರು 1966ರಲ್ಲಿ ಹೊಡೆತ ತಿಂದು ಹಲ್ಲು ಹಾಳಾಗಿ, ಕೊನೆಗೆ ಕಟ್ಟಿಸಿದ ಹಲ್ಲಿನಿಂದಲೇ ಮೊದಲಿನಿಂದ ಊದಲು ಕಲಿತು, 1970ರ ದಶಕದಲ್ಲಿ ಮತ್ತೆ ವೇದಿಕೆ ಏರಿದರು.

ನಮ್ಮ ನಾಡಿನ ಮಾತು ಬಂದರೆ, ಕದ್ರಿ ಗೋಪಾಲನಾಥರನ್ನು ಹೇಗೆ ಮರೆಯುವುದು? 1949ರಲ್ಲಿ ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ ನಾಗಸ್ವರದವರ ಮನೆಯಲ್ಲಿ ಹುಟ್ಟಿದವರು ಅವರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತರು. ಆ ಬ್ಯಾಂಡಿನ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಲು ವರ್ಷಗಟ್ಟಲೆ ಸಾಧನೆ ಮಾಡಿದರು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಪಡೆದರು. 2019ರಲ್ಲಿ ಅವರು ತೀರಿಕೊಂಡ ಸುದ್ದಿ ಕೇಳಿ ಅಪ್ಪ ಆ ದಿನ ಸರಿಯಾಗಿ ಊಟ ಮಾಡಿರಲಿಲ್ಲವೆಂದು ಅವ್ವ ಹೇಳಿದ್ದಳು. "ಬಾಜಾ" ಎಂದು ಮೂಗು ಮುರಿಯುವವರ ಮುಂದೆ ಅಪ್ಪ ಯಾವಾಗಲೂ ಅವರ ಹೆಸರನ್ನೇ ಹೇಳುತ್ತಿದ್ದರು.

ಮನೆಯೊಳಗಿನ ತೊಡಕು

ನಮ್ಮ ಅತ್ತೆಯವರ ಮೊದಲ ತಕರಾರು ಎಂಜಲಿನದು. ಟ್ರಂಪೆಟ್ಟಿನಿಂದ ನೀರು ಹೊರಗೆ ಬಿಡುತ್ತಾರಲ್ಲ, ಅದನ್ನು ನೋಡಿ, "ಅಡಿಗಿ ಮನ್ಯಾಗ ಉಗುಳು ಚೆಲ್ತಿಯೇನು?" ಅಂದರು. ಅದು ಬಹುಪಾಲು ಉಗುಳಲ್ಲ. ಬಿಸಿ ಉಸಿರು ತಣ್ಣನೆಯ ಹಿತ್ತಾಳೆಗೆ ತಾಗಿ ನೀರಾಗುತ್ತದೆ, ಬೇಳೆ ಪಾತ್ರೆಯ ಮುಚ್ಚಳದ ಒಳಗೆ ಹನಿ ಕಟ್ಟಿದಂತೆ. ಹಾಗೆ ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. ಅವರ ಮಾತಿಗೂ ಬೆಲೆ ಇರಲಿ ಎಂದು ಅಡಿಗೆಮನೆ ಬಿಟ್ಟು ಮಲಗುವ ಕೋಣೆಗೆ ಹೋದೆ, ಹಳೇ ಟವೆಲ್ಲೊಂದನ್ನು ಅದಕ್ಕೇ ಮೀಸಲಿಟ್ಟೆ. ಜಗಳ ಅಲ್ಲಿಗೆ ಮುಗಿಯಿತು.

ಎರಡನೆಯದು ಸದ್ದು. ಇಲ್ಲಿ ಗಂಜೇ ನನ್ನ ಕೈ ಹಿಡಿಯಿತು. ಹೊಸ ತೊಗರಿ ಬರುವ ಜನವರಿ, ಫೆಬ್ರುವರಿ ತಿಂಗಳಲ್ಲಿ ಹಗಲೆಲ್ಲ ಲಾರಿ ಹಾರ್ನು, ಹಮಾಲರ ಕೂಗು, ಸವಾಲಿನ ಗದ್ದಲ. ಅದರ ನಡುವೆ ನನ್ನ ಟ್ರಂಪೆಟ್ ಯಾರಿಗೆ ಕೇಳಬೇಕು? ಗಂಜ್ ತಣ್ಣಗಿರುವ ರಜೆಯ ದಿನ ಬಟ್ಟೆಯ ಕಪಾಟು ತೆರೆದು, ಸೀರೆಗಳ ಎದುರಿಗೆ ಊದುತ್ತಿದ್ದೆ. ಬಟ್ಟೆ ಅರ್ಧ ಸದ್ದು ನುಂಗುತ್ತದೆ. ಆದರೂ ಗೆಳತಿಗೆ ಕೇಳಿತ್ತೆನ್ನಿ!

ವಾದ್ಯದ ಆರೈಕೆ

ಅಪ್ಪನ ಟ್ರಂಪೆಟ್ ಮೀರತ್ತಿನದು. ಅಲ್ಲಿನ ಜಲಿ ಕೋಠಿ ಎಂಬ ಕೇರಿಯಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬ್ಯಾಂಡಿನ ವಾದ್ಯಗಳನ್ನು ಮಾಡುತ್ತ ಬಂದಿದ್ದಾರೆ. ಸಂದೂಕಿನಿಂದ ತೆಗೆದಾಗ ಗುಂಡಿಗಳು ಅಂಟಿಕೊಂಡಿದ್ದವು. ಅಡಿಗೆ ಎಣ್ಣೆ ಹಾಕಬಾರದು, ಅದು ಜಿಡ್ಡುಗಟ್ಟುತ್ತದೆ. ಗುಂಡಿಗೆಂದೇ ತೆಳುವಾದ ವಾಲ್ವ್ ಎಣ್ಣೆ ಸಿಗುತ್ತದೆ. ಮೌತ್‌ಪೀಸನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸಣ್ಣ ಬ್ರಷ್‌ನಿಂದ ತೊಳೆಯಬೇಕು. ಕುದಿಯುವ ನೀರು ಬೇಡ. ಸಿಹಿ ತಿಂದು, ಚಾ ಕುಡಿದು ಹಾಗೇ ಊದಬಾರದು. ಬಾಯಿ ಮುಕ್ಕಳಿಸಿ ಹಿಡಿಯಬೇಕು. ಮೌತ್‌ಪೀಸ್ ಸಿಕ್ಕಿಕೊಂಡರೆ ಇಕ್ಕಳ ಹಾಕಿ ತಿರುಚಿದಿರೋ, ಕೊಳವೆ ಸೊಟ್ಟಗಾದೀತು. ರಿಪೇರಿಯವರ ಬಳಿ ಅದಕ್ಕೆಂದೇ ಸಲಕರಣೆ ಇರುತ್ತದೆ.

ಏಪ್ರಿಲ್-ಮೇ ತಿಂಗಳ ನಮ್ಮ ಕಲಬುರಗಿಯ ಬಿಸಿಲಿಗೆ ತುಟಿ ಒಡೆಯುವುದು ಸಹಜ. ನೀರು ಚೆನ್ನಾಗಿ ಕುಡಿಯಿರಿ. ರಾತ್ರಿ ಮಲಗುವಾಗ ತುಟಿಗೆ ತುಪ್ಪ ಹಚ್ಚಿ. ಊದುವ ಮೊದಲು ಒರೆಸಿಕೊಳ್ಳಿ.

ಇನ್ನೊಂದು ಮಾತನ್ನು ನಾಚಿಕೆ ಬಿಟ್ಟು ಬರೆಯುತ್ತೇನೆ. ಬಿಗಿಯಾಗಿ ಊದುವಾಗ ಹೊಟ್ಟೆ, ಕಣ್ಣು, ತಲೆಯ ಮೇಲೆ ಒತ್ತಡ ಬೀಳುತ್ತದೆ. ಬಿ.ಪಿ. ಇರುವವರು, ಕಣ್ಣಿನ ಗ್ಲಾಕೋಮಾ ಇರುವವರು, ಹರ್ನಿಯಾ ಅಥವಾ ಗರ್ಭಕೋಶದ ಆಪರೇಷನ್ ಆದವರು, ಕೆಮ್ಮಿದರೆ ಮೂತ್ರ ಸೋರುವ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಶುರು ಮಾಡಬಾರದು. ಮುಂದಿನ ಹಲ್ಲು ಅಲುಗಾಡುತ್ತಿದ್ದರೆ ಮೊದಲು ಹಲ್ಲಿನ ಡಾಕ್ಟರಲ್ಲಿಗೆ ಹೋಗಿ. ತಲೆ ಸುತ್ತಿದರೆ ಆ ಕ್ಷಣ ನಿಲ್ಲಿಸಿ.

ಕಾರಹುಣ್ಣಿಮೆಯ ದಿನ

2024ರ ಕಾರಹುಣ್ಣಿಮೆಗೆ ಕಮಲಾಪುರಕ್ಕೆ ಹೋದೆ. ಏಳು ತಿಂಗಳಾಗಿತ್ತು. ಎತ್ತುಗಳ ಮೆರವಣಿಗೆ ಮುಗಿದು, ಹೋಳಿಗೆ ಊಟವಾಗಿ, ಎಲ್ಲರೂ ಅಂಗಳದಲ್ಲಿ ಕೂತಿದ್ದರು. ಅಪ್ಪ ತಮ್ಮ ಕುರ್ಚಿಯನ್ನು ನನ್ನ ಮಗ್ಗುಲಿಗೇ ಎಳೆದುಕೊಂಡು, ಕೇಳುವ ಕಿವಿ ನನ್ನ ಕಡೆ ಮಾಡಿದರು.

ಪಲ್ಲವಿ ಚೆನ್ನಾಗಿ ಬಂತು. ಚರಣದಲ್ಲಿ ಒಂದು ಮೇಲಿನ ಸ್ವರ ಒಡೆಯಿತು. ಹಿಂದಿನ ಹಾಗೆ ಒತ್ತಬೇಕೆಂದು ಕೈ ತವಕಪಟ್ಟಿತು. ಒತ್ತಲಿಲ್ಲ. ಒಂದು ಸಾಲು ಬಿಟ್ಟು, ತುಟಿ ಆರಿಸಿಕೊಂಡು, ಮುಂದಿನ ಸಾಲು ಹಿಡಿದು ಪೂರ್ತಿ ಮುಗಿಸಿದೆ. ಓಣಿಯ ನಾಲ್ಕು ಮಂದಿ ಬಾಗಿಲಿಗೆ ಬಂದು ನಿಂತಿದ್ದರು. ಯಾರೂ ಏನೂ ಅನ್ನಲಿಲ್ಲ.

"ಧ್ವನಿ ಸಣ್ಣದಾಗ್ಯದ," ಅಂದರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, "ಖರೆ ಉಸಿರು ಮೊದಲಿಗಿಂತ ಛಲೋ ಅದ. ಆವಾಗ ನಿನಗ ಬಿಡೂದು ಗೊತ್ತಿರ್ಲಿಲ್ಲ."

ಆಮೇಲೆ ಕೈ ಚಾಚಿ ಟ್ರಂಪೆಟ್ ಇಸಿದುಕೊಂಡರು. ಮುಂದಿನ ಹಲ್ಲು ಒಂದೂ ಇಲ್ಲ. ತುಟಿಗೆ ಹಿಡಿದು ಊದಿದರು. ಬರೀ ಗಾಳಿ ಬಂತು. ಬೆರಳು ಮಾತ್ರ ಗುಂಡಿಗಳ ಮೇಲೆ ಆ ಹಾಡಿನಂತೆಯೇ ಓಡಿದವು, ಒಂದೂ ತಪ್ಪಲಿಲ್ಲ. ಮುಗಿಸಿ, ತಮ್ಮ ಧೋತರದ ಸೆರಗಿನಿಂದ ಮೌತ್‌ಪೀಸ್ ಒರೆಸಿ ನನ್ನ ಕೈಗೆ ಕೊಟ್ಟರು. "ಇನ್ನ ಸಂದೂಕದಾಗ ಇಡಬ್ಯಾಡ," ಅಂದರು.

ಇಟ್ಟಿಲ್ಲ. ಅದು ಈಗ ನಮ್ಮ ಮನೆಯ ಗೂಟಕ್ಕೆ ತೂಗುತ್ತದೆ. ದಿನಾ ಅರ್ಧ ತಾಸು, ನಡುನಡುವೆ ಬಿಡುವು. ಆ ಬಿಡುವಿನಲ್ಲಿ ನಾನು ಕಾಳು ಆರಿಸುವುದಿಲ್ಲ, ಬಟ್ಟೆ ಮಡಚುವುದಿಲ್ಲ. ಸುಮ್ಮನೆ ಕೂಡುತ್ತೇನೆ. ಮೊದಮೊದಲು ಇದನ್ನು ನೋಡಿ, "ಯಾಕವ್ವಾ, ಆರಾಮ ಇಲ್ಲೇನು?" ಎಂದು ಕೇಳುತ್ತಿದ್ದ ಅತ್ತೆಯವರು ಈಗ ತಾವೂ ಬಂದು ಪಕ್ಕದಲ್ಲಿ ಕೂಡುತ್ತಾರೆ.

ನಿಮ್ಮ ಸಂದೂಕಿನಲ್ಲೂ ಏನಾದರೂ ಕಟ್ಟಿಟ್ಟಿದ್ದರೆ, ಸೋದರಿಯರೇ, ಒಮ್ಮೆ ಬಿಚ್ಚಿ ನೋಡಿ. ಹಳೇ ದಿನದ ಜೋರು ಬೇಡ. ಎರಡು ನಿಮಿಷದಿಂದ ಶುರು ಮಾಡಿ, ಎರಡು ನಿಮಿಷ ಸುಮ್ಮನೆ ಕೂತುಕೊಳ್ಳಿ. ಎಮ್ಮೆ ಒದರಿದಂತೆ ಕೇಳಿದರೂ ಚಿಂತೆಯಿಲ್ಲ. ನಮ್ಮ ಪಕ್ಕದ ಮನೆಯ ಗೆಳತಿ ಈಗ ಕೇಳುವುದೇ ಬೇರೆ: "ವೈನಿ, ಇವತ್ತ್ಯಾಕ ಊದ್ಲಿಲ್ಲ?"